ಹೊಸ ಬಾಡಿಯೆಂಬ ಹಳೆಯ ನಂಬಿಕೆ

"ಇನ್ನೂ ಅದೇ ಬಾಡೀನಾ?"

ಫೋಟೊಗ್ರಾಫರುಗಳು ನಾಲ್ಕು ಜನ ಸೇರಿದ ಕಡೆ ಈ ಪ್ರಶ್ನೆ ಬಂದೇ ಬರುತ್ತದೆ. ಕಬಿನಿಯ ಸಫಾರಿ ಜೀಪಿನಲ್ಲಿ, ಮದುವೆ ಛತ್ರದ ಊಟದ ಪಂಕ್ತಿಯಲ್ಲಿ, ಜಿಲ್ಲಾ ಕೇಂದ್ರದ ಕ್ಯಾಮೆರಾ ಅಂಗಡಿಯ ಕೌಂಟರಿನ ಮುಂದೆ, ಎಲ್ಲ ಕಡೆಯೂ. ಕೇಳುವವರ ದನಿಯಲ್ಲಿ ಕನಿಕರ, ಕೇಳಿಸಿಕೊಂಡವರ ಮುಖದಲ್ಲಿ ಸಂಕೋಚ. ನಾಲ್ಕೈದು ವರ್ಷದ ಹಿಂದಿನ ಕ್ಯಾಮೆರಾ ಕೊರಳಲ್ಲಿದ್ದರೆ ಅದನ್ನು ಹಿಡಿದವರ ಕಸುಬೂ ಅಲ್ಲಿಗೇ ನಿಂತಿದೆ ಎಂಬ ತೀರ್ಮಾನ ಆ ಪ್ರಶ್ನೆಯ ಹೊಟ್ಟೆಯಲ್ಲೇ ಇದೆ. ಹೊಸ ಮಾದರಿ ಬಂತು, ಹಳೆಯದನ್ನು ಕೊಟ್ಟು ತಗೊಳ್ಳಬೇಕು, ಇಲ್ಲದಿದ್ದರೆ ಹಿಂದೆ ಬೀಳುತ್ತೇವೆ: ಇದನ್ನು ಈಗ ಯಾರೂ ವಾದ ಮಾಡಿ ಒಪ್ಪಿಸಬೇಕಾಗಿಲ್ಲ. ಎಲ್ಲರೂ ಮೊದಲೇ ಒಪ್ಪಿಕೊಂಡು ಕೂತಿದ್ದಾರೆ.

ನಾನು ಒಪ್ಪುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಬಾಡಿ, ಅಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ, ಬದಲಿಸುವುದೇ ಛಾಯಾಗ್ರಾಹಕರ ಬೆಳವಣಿಗೆ ಎಂಬ ನಂಬಿಕೆ ಇವತ್ತಿನ ಮಟ್ಟಿಗೆ ಬಹುಪಾಲು ಸುಳ್ಳು. ಸಣ್ಣ ಊರುಗಳಲ್ಲಿ ಇದೇ ಕಸುಬಿನಿಂದ ಮನೆ ನಡೆಸುವವರ ಮಟ್ಟಿಗೆ ಅದು ಹಾನಿ ಕೂಡ. ಕೈತಪ್ಪಿದ ತಮ್ಮದೇ ಚಿತ್ರಗಳನ್ನು ಮುಂದಿಟ್ಟುಕೊಂಡು, ಇದು ಈ ಬಾಡಿಯ ಇಂಥ ಕೊರತೆಯಿಂದಲೇ ಹೋಯಿತು ಎಂದು ಬೆರಳಿಟ್ಟು ತೋರಿಸಲಾಗದವರು ಹೊಸ ಬಾಡಿ ಕೊಳ್ಳಬಾರದು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಆದರೆ ಇದಕ್ಕೆ ಎದುರಾಗಿ ನಿಂತಿರುವ ಮಾತುಗಳು ಬಹಳ ಇವೆ.

ಈ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ, ಒಂದು ಕಾಲದಲ್ಲಿ ಅದು ನಿಜವೇ ಆಗಿತ್ತು ಎಂಬುದನ್ನು ಮೊದಲು ಹೇಳಿಬಿಡಬೇಕು. ಫಿಲ್ಮಿನ ದಿನಗಳಲ್ಲಿ ಬಾಡಿ ಎಂದರೆ ಬೆಳಕು ಸೋರದ ಡಬ್ಬಿ, ಒಂದು ಶಟರ್, ಫಿಲ್ಮನ್ನು ಮುಂದಕ್ಕೆಳೆಯುವ ಯಂತ್ರ. ಚಿತ್ರದ ಗುಣ ನಿಂತಿದ್ದದ್ದು ಲೆನ್ಸಿನ ಮೇಲೆ, ಫಿಲ್ಮಿನ ಮೇಲೆ. ಇನ್ನೂ ಉತ್ತಮ ಫಿಲ್ಮ್ ಮಾರುಕಟ್ಟೆಗೆ ಬಂದರೆ ಇಪ್ಪತ್ತು ವರ್ಷದ ಹಳೆಯ ಕ್ಯಾಮೆರಾಕ್ಕೂ ಅದೇ ರೋಲು ಹಾಕಬಹುದಿತ್ತು. ಡಿಜಿಟಲ್ ಬಂದಾಗ ಫಿಲ್ಮು ಸೆನ್ಸರ್ ಆಗಿ ಬಾಡಿಯೊಳಗೇ ಅಂಟಿಕೊಂಡುಬಿಟ್ಟಿತು. ಒಳ್ಳೆಯ ಸೆನ್ಸರ್ ಬೇಕೆಂದರೆ ಇಡೀ ಬಾಡಿಯನ್ನೇ ಬದಲಿಸಬೇಕು. 1999ರ ನಿಕಾನ್ ಡಿ1ರಲ್ಲಿ ಇದ್ದದ್ದು 2.7 ಮೆಗಾಪಿಕ್ಸೆಲ್. 2003ರ ಕ್ಯಾನನ್ 300ಡಿಯಲ್ಲಿ 6.3. 2007ರ ನಿಕಾನ್ ಡಿ3ರಲ್ಲಿ 12.1, ಅದರ ಜೊತೆಗೆ ಐಎಸ್‌ಒ 6400ರಲ್ಲೂ ಫ್ಲ್ಯಾಶ್ ಇಲ್ಲದೆ ಚಿತ್ರ ತೆಗೆಯಬಹುದೆಂಬ ಹೊಸ ಧೈರ್ಯ. 2008ರ ಕ್ಯಾನನ್ 5ಡಿ ಮಾರ್ಕ್ 2ರಲ್ಲಿ 21, ಅದೇ ಬಾಡಿಯೊಳಗೆ ಫುಲ್ ಎಚ್‌ಡಿ ವಿಡಿಯೊ. 2012ರ ನಿಕಾನ್ ಡಿ800ರಲ್ಲಿ 36. ಆ ಹನ್ನೆರಡು ಹದಿಮೂರು ವರ್ಷ ಒಂದೊಂದು ಹೊಸ ಬಾಡಿಯೂ ಹಿಂದಿನದರಿಂದ ಆಗದ ಕೆಲಸವೊಂದನ್ನು ಮಾಡಿ ತೋರಿಸುತ್ತಿತ್ತು. ಆಗ ಸಾಲ ಮಾಡಿಯಾದರೂ ಬದಲಿಸಿದವರು ತಪ್ಪು ಮಾಡಲಿಲ್ಲ. ನಮ್ಮ ಹಿರಿಯ ಛಾಯಾಗ್ರಾಹಕರು ಕಿರಿಯರಿಗೆ ಈಗ ಕೊಡುತ್ತಿರುವ ಸಲಹೆ ಆ ವರ್ಷಗಳ ಅನುಭವದಿಂದ ಬಂದದ್ದು. ಅನುಭವ ನಿಜ, ಆದರೆ ಅದರ ಅವಧಿ ಮುಗಿದಿದೆ.

ಮುಗಿದದ್ದು ಹೇಗೆ ಎಂದು ನೋಡಲು ಒಂದೇ ಸಾಲಿನ ಕ್ಯಾಮೆರಾಗಳನ್ನು ತೆಗೆದುಕೊಳ್ಳೋಣ. ನಿಕಾನ್ ಜೆಡ್6 ಬಂದದ್ದು 2018ರಲ್ಲಿ, ಜೆಡ್6-2 ಬಂದದ್ದು 2020ರಲ್ಲಿ, ಜೆಡ್6-3 ಬಂದದ್ದು 2024ರಲ್ಲಿ. ಮೂರರಲ್ಲೂ 24.5 ಮೆಗಾಪಿಕ್ಸೆಲ್. ಮೂರನೆಯದರ ಸೆನ್ಸರ್ ಹಿಂದಿನವಕ್ಕಿಂತ ಬಹಳ ವೇಗವಾಗಿ ಓದುತ್ತದೆ, ಫೋಕಸ್ ಚುರುಕು, ವಿಡಿಯೊ ಉತ್ತಮ. ಆದರೆ ಆ ವೇಗಕ್ಕೆ ಬೆಲೆ ತೆತ್ತಿರುವುದು ಚಿತ್ರವೇ: ಕಡಿಮೆ ಐಎಸ್‌ಒದಲ್ಲಿ ತೆಗೆದ ಚಿತ್ರದ ಗಾಢ ನೆರಳನ್ನು ಎತ್ತಿ ನೋಡಿದರೆ ಹೊಸ ಬಾಡಿಯಲ್ಲಿ ಹಳೆಯದಕ್ಕಿಂತ ತುಸು ಹೆಚ್ಚೇ ನಾಯ್ಸ್ ಕಾಣುತ್ತದೆ. ಸೋನಿ 2023ರ ಕೊನೆಯಲ್ಲಿ ಪ್ರಕಟಿಸಿದ ಎ9-3 ಇಡೀ ಸೆನ್ಸರನ್ನು ಒಂದೇ ಕ್ಷಣದಲ್ಲಿ ಓದುತ್ತದೆ. ಕ್ರೀಡೆಯ ಚಿತ್ರ ತೆಗೆಯುವವರಿಗೆ ಅದು ದೊಡ್ಡ ವರ. ಅದರ ಕನಿಷ್ಠ ಐಎಸ್‌ಒ ಮಾತ್ರ 250, ಉಳಿದ ಬಹುಪಾಲು ಕ್ಯಾಮೆರಾಗಳದ್ದು 100; ಅದು ಕಡಿಮೆಯಿದ್ದಷ್ಟೂ ಚಿತ್ರ ಶುಭ್ರ. ಹೊಸದೆಲ್ಲ ಚಿತ್ರದ ಗುಣದಲ್ಲೂ ಮೇಲೇ ಇರುತ್ತದೆ ಎಂದುಕೊಂಡವರು ಈ ಎರಡು ಉದಾಹರಣೆಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಲಿ.

"ಹೊಸ ಬಾಡಿ ತಗೊಂಡರೆ ಕತ್ತಲಲ್ಲಿ ಚೆನ್ನಾಗಿ ಬರುತ್ತೆ" ಎಂಬುದು ಅಂಗಡಿಯಲ್ಲಿ ಕೇಳಿಬರುವ ಮೊದಲ ಮಾತು. ಇದನ್ನು ನಿಧಾನವಾಗಿ ನೋಡಬೇಕು. ಮುಂಗಾರಿನ ಮೊದಲ ಹನಿಗಳು ಅಂಗಳದ ಮೇಲೆ ಅಲ್ಲೊಂದು ಇಲ್ಲೊಂದು ಬೀಳುವ ಹಾಗೆ ಬೆಳಕು ಸೆನ್ಸರಿನ ಮೇಲೆ ಕಣಕಣವಾಗಿ ಬೀಳುತ್ತದೆ. ಕಣಗಳು ಕಡಿಮೆಯಿದ್ದಾಗ ಒಂದು ಪಿಕ್ಸೆಲಿಗೆ ಹೆಚ್ಚು, ಪಕ್ಕದ ಪಿಕ್ಸೆಲಿಗೆ ಕಡಿಮೆ ಬೀಳುತ್ತದೆ. ಆ ಏರುಪೇರೇ ನಮಗೆ ಚಿತ್ರದಲ್ಲಿ ಕಾಣುವ ಕಾಳುಕಾಳು, ಅಂದರೆ ನಾಯ್ಸ್. ಇದರಲ್ಲಿ ದೊಡ್ಡ ಪಾಲು ಬೆಳಕಿನದೇ ಸ್ವಭಾವ, ಸೆನ್ಸರಿನ ದೋಷವಲ್ಲ. ಸೆನ್ಸರ್ ಮಾಡಬಹುದಾದದ್ದು ಎರಡು: ಬಿದ್ದ ಕಣಗಳಲ್ಲಿ ಸಾಧ್ಯವಾದಷ್ಟನ್ನು ಹಿಡಿಯುವುದು, ಓದುವಾಗ ತನ್ನ ಕಡೆಯಿಂದ ಗದ್ದಲ ಸೇರಿಸದಿರುವುದು. ಹತ್ತು ವರ್ಷದ ಹಿಂದಿನ ಒಳ್ಳೆಯ ಸೆನ್ಸರುಗಳೇ, ಬಣ್ಣದ ಫಿಲ್ಟರ್ ದಾಟಿ ಬಂದ ಬೆಳಕಿನಲ್ಲಿ ಸುಮಾರು ಅರ್ಧದಷ್ಟನ್ನು ಹಿಡಿಯುತ್ತಿದ್ದವು. ನಾಳೆ ಯಾರಾದರೂ ಒಂದು ಕಣವನ್ನೂ ಬಿಡದೆ ಹಿಡಿಯುವ ಸೆನ್ಸರ್ ಮಾಡಿದರೂ ಸಿಗುವ ಲಾಭ ಸುಮಾರು ಒಂದು ಸ್ಟಾಪ್, ಅಂದರೆ ಇಮ್ಮಡಿ ಬೆಳಕು. ಎರಡೂವರೆ ಲಕ್ಷ ಕೊಟ್ಟು ತಂದ ಬಾಡಿಯಿಂದ ಸಿಗುವುದು ಅದರಲ್ಲಿ ಒಂದು ಚೂರು.

ಈಗ ಲೆನ್ಸಿನ ಕಡೆ ಬನ್ನಿ. ಕಿಟ್ಟಿನಲ್ಲಿ ಬರುವ ಎಫ್4 ಜೂಮ್ ತೆಗೆದು, ಹೆಚ್ಚಿನ ಕಂಪನಿಗಳು ಮಾಡುವ ಸಾಧಾರಣ 50 ಎಂಎಂ ಎಫ್1.8 ಲೆನ್ಸ್ ಹಾಕಿದರೆ ಸೆನ್ಸರಿಗೆ ಬೀಳುವ ಬೆಳಕು ಐದು ಪಟ್ಟಾಗುತ್ತದೆ. ಎರಡು ಸ್ಟಾಪಿಗಿಂತ ಹೆಚ್ಚು. ಅದಕ್ಕೆ ತಗಲುವುದು ಬಾಡಿಯ ಬೆಲೆಯ ಒಂದು ಸಣ್ಣ ಪಾಲು. ಛತ್ರದ ಬಿಳಿ ಚಾವಣಿಗೆ ಫ್ಲ್ಯಾಶ್ ತಿರುಗಿಸಿ ಬೌನ್ಸ್ ಮಾಡುವುದನ್ನು ಕಲಿತರೆ ಅದೂ ಬೇಡ. 2023ರಲ್ಲಿ ಅಡೋಬಿಯ ಲೈಟ್‌ರೂಮಿಗೆ ಸೇರಿದ ಡಿನಾಯ್ಸ್ ಸೌಲಭ್ಯವನ್ನೂ ಗಮನಿಸಿ. ಹಳೆಯ ಬಾಡಿಯಲ್ಲಿ ತೆಗೆದ ರಾ ಫೈಲುಗಳನ್ನು ಅದರೊಳಗೆ ಹಾಕಿದರೆ ಹೊರಗೆ ಬರುವ ಚಿತ್ರ, ಅದೇ ಬಾಡಿಯಿಂದ ಹಿಂದೆ ಯಾವತ್ತೂ ಬಾರದಷ್ಟು ಶುಭ್ರ. ಐದು ವರ್ಷದ ಹಿಂದಿನ ಕ್ಯಾಮೆರಾ ಇವತ್ತು, ಕೊಂಡ ದಿನಕ್ಕಿಂತ ಒಳ್ಳೆಯ ಕ್ಯಾಮೆರಾ. ಈ ಮಾತನ್ನು ಮಾರಾಟದ ಕೌಂಟರಿನಲ್ಲಿ ಯಾರೂ ಹೇಳುವುದಿಲ್ಲ.

ಇನ್ನು ಮೆಗಾಪಿಕ್ಸೆಲ್. ನಮ್ಮ ಮದುವೆ ಆಲ್ಬಂಗಳಲ್ಲಿ ಹೆಚ್ಚಿನವು 12 ಇಂಚು ಎತ್ತರ, ಬಿಡಿಸಿದಾಗ 36 ಇಂಚು ಅಗಲ. ಅಂದರೆ ಒಂದು ಪುಟ 12 ಇಂಟು 18. ಇಂಚಿಗೆ 300 ಚುಕ್ಕೆಯಂತೆ ಆ ಪುಟದ ತುಂಬ ಒಂದೇ ಚಿತ್ರ ಅಚ್ಚು ಹಾಕಿಸಲು ಬೇಕಾದದ್ದು 19.4 ಮೆಗಾಪಿಕ್ಸೆಲ್. 24 ಮೆಗಾಪಿಕ್ಸೆಲ್ ಬಾಡಿ ಅದನ್ನು ಕೊಟ್ಟು ಮೇಲೆ ಉಳಿಸಿಕೊಳ್ಳುತ್ತದೆ. ಸಾಮಾನ್ಯವಾಗಿ ಒಂದು ಪುಟಕ್ಕೆ ಮೂರು ನಾಲ್ಕು ಚಿತ್ರ ಜೋಡಿಸುತ್ತಾರೆ, ಹಾಗಾಗಿ ಬೇಕಾಗುವುದು ಅದಕ್ಕಿಂತಲೂ ಎಷ್ಟೋ ಕಡಿಮೆ. ಮನೆಯ 4ಕೆ ಟೀವಿಯಲ್ಲಿ ಇರುವುದೇ 8.3 ಮೆಗಾಪಿಕ್ಸೆಲ್. ಮೊಬೈಲಿನಲ್ಲಿ ಕಳಿಸುವ ಚಿತ್ರದ ಲೆಕ್ಕ ಬೇಡವೇ ಬೇಡ. 24ರಿಂದ 45ಕ್ಕೆ ಹೋದರೆ ವಿವರ ಇಮ್ಮಡಿಯಾಗುತ್ತದೆ ಎಂದು ಎಷ್ಟೋ ಜನ ನಂಬಿದ್ದಾರೆ. ಅಗಲ ಎತ್ತರ ಎರಡರಲ್ಲೂ ಪಿಕ್ಸೆಲ್ ಹೆಚ್ಚಬೇಕಾದ್ದರಿಂದ ಒಂದೊಂದು ದಿಕ್ಕಿನಲ್ಲಿ ಹೆಚ್ಚಾಗಿ ಸಿಗುವುದು ಸುಮಾರು ಶೇಕಡಾ 37. ವಿವರ ನಿಜಕ್ಕೂ ಇಮ್ಮಡಿಯಾಗಬೇಕೆಂದರೆ 96 ಮೆಗಾಪಿಕ್ಸೆಲ್ ಬೇಕು. ಆ ಶೇಕಡಾ 37 ಕೂಡ ಕೈಗೆ ಸಿಗಬೇಕಾದರೆ ಲೆನ್ಸ್ ಅಷ್ಟು ತೀಕ್ಷ್ಣವಾಗಿರಬೇಕು, ಕೈ ಅಲುಗಬಾರದು, ನಡುವಿನ ಗಾಳಿ ತಿಳಿಯಾಗಿರಬೇಕು. ಬೇಸಿಗೆಯ ಬಂಡೀಪುರದಲ್ಲಿ ಹತ್ತು ಗಂಟೆಯ ಬಿಸಿಲಿಗೆ ದೂರದ ಆನೆಯ ಅಂಚೆಲ್ಲ ಝಳದಲ್ಲಿ ಅಲೆಯಾಡುತ್ತಿರುತ್ತದೆ. ಅದನ್ನು 24ರಲ್ಲಿ ತೆಗೆದರೂ 45ರಲ್ಲಿ ತೆಗೆದರೂ ಅಲೆಯಾಡುವ ಆನೆಯೇ ಸಿಗುತ್ತದೆ.

ಲೆಕ್ಕ ಸಾಕು, ಚಿತ್ರಗಳನ್ನೇ ನೋಡೋಣ. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಸ್ಟುಡಿಯೊ ಇಟ್ಟುಕೊಂಡಿರುವ ಹುಡುಗನೊಬ್ಬ ಹೊಸ ಬಾಡಿಗೆ ಮುಂಗಡ ಕೊಡುವ ಮೊದಲು ನನ್ನನ್ನು ಕರೆಸಿದ್ದ. ಒಂದು ಮದುವೆಯ ಆಯ್ದ ಚಿತ್ರಗಳನ್ನು ತೋರಿಸಲು ಹೊರಟವನಿಗೆ, ಬೇಡ, ಆ ಮದುವೆಯಲ್ಲಿ ತಳ್ಳಿಹಾಕಿದ್ದೆಲ್ಲ ತೆಗೆ ಎಂದೆ. ತೆಗೆದ. ಧಾರೆಯ ಹೊತ್ತು. ಹುಡುಗಿಯ ತಂದೆಯ ಕೈಯಿಂದ ನೀರು ಬೀಳುತ್ತಿದೆ, ತಾಯಿ ಕೈ ಸೇರಿಸಿದ್ದಾಳೆ, ಆಕೆಯ ಕಣ್ಣಂಚಿನಲ್ಲಿ ಹನಿ. ಆ ಮನೆಯವರು ಮುಂದೆ ಹತ್ತಾರು ವರ್ಷ ತೆಗೆದು ನೋಡಬೇಕಾಗಿದ್ದ ಚಿತ್ರ. ಆದರೆ ಕೈಗಳೆಲ್ಲ ಕಲಸಿಹೋಗಿವೆ.

"ಸಾರ್, ಇದು ಬಾಡಿ ಪ್ರಾಬ್ಲಮ್ಮೇ ಅಲ್ವಾ? ಲೋ ಲೈಟಲ್ಲಿ ಹಿಂಗೇ ಆಗುತ್ತೆ."

"ಶಟರ್ ಎಷ್ಟಿದೆ ನೋಡಪ್ಪಾ."

ಸೆಕೆಂಡಿನ 60ನೇ ಒಂದು ಭಾಗ. ಐಎಸ್‌ಒ 1600. ಅದರ ಹಿಂದಿನದ್ದು ನೋಡಿದೆವು, 1600. ಮುಂದಿನದ್ದೂ 1600. ಇಡೀ ಮುಹೂರ್ತದ ಚಿತ್ರಗಳಲ್ಲಿ ಒಂದೂ ಅದರ ಮೇಲೆ ಹೋಗಿಲ್ಲ. ಕ್ಯಾಮೆರಾ ತೆಗೆದು ಮೆನು ನೋಡಿದರೆ ಆಟೋ ಐಎಸ್‌ಒ ಮಿತಿ 1600ಕ್ಕೆ ನಿಂತಿದೆ, ಕನಿಷ್ಠ ಶಟರ್ ವೇಗ 60ಕ್ಕೆ. ಹಿಂದಿದ್ದ ಹಳೆಯ ಬಾಡಿಯಲ್ಲಿ ಅದಕ್ಕಿಂತ ಮೇಲೆ ಹೋದರೆ ಚಿತ್ರ ಕೆಡುತ್ತಿತ್ತಂತೆ. ಈ ಬಾಡಿ ತಂದ ದಿನ ಅದೇ ಮಿತಿಯನ್ನು ಇದಕ್ಕೂ ಹಾಕಿದ, ಮತ್ತೆ ಮುಟ್ಟಲಿಲ್ಲ. 6400ರಲ್ಲೂ ಆಲ್ಬಮ್ಮಿಗೆ ಸಲ್ಲುವ ಚಿತ್ರ ಕೊಡಬಲ್ಲ ಕ್ಯಾಮೆರಾವನ್ನು ಅಷ್ಟು ಕಾಲ 1600ಕ್ಕೆ ಕಟ್ಟಿಹಾಕಿಕೊಂಡು ದುಡಿಸಿದ್ದ. ಮಿತಿಯನ್ನು 6400ಕ್ಕೆ ಏರಿಸಿ, ಕನಿಷ್ಠ ವೇಗವನ್ನು 200ಕ್ಕೆ ಇಡಲು ಒಂದು ನಿಮಿಷವೂ ಹಿಡಿಯಲಿಲ್ಲ.

ಉಳಿದವನ್ನೂ ನೋಡುತ್ತಾ ಹೋದೆವು. ತಾಳಿ ಕಟ್ಟುವಾಗ ಅಡ್ಡ ಬಂದ ಸೋದರಮಾವನ ಬೆನ್ನು. ಎದುರಿನಿಂದ ವಿಡಿಯೊದವರ ಲೈಟು ಬಿದ್ದು ಸುಟ್ಟಂತಾದ ಹಣೆ. ಶಾಮಿಯಾನದ ಕೆಂಪು ಬಟ್ಟೆಗೆ ಫ್ಲ್ಯಾಶ್ ಬೌನ್ಸ್ ಮಾಡಿದ್ದರಿಂದ ಎಲ್ಲರ ಮುಖಕ್ಕೂ ಬಂದ ಕೆಂಪು. ಅಕ್ಷತೆ ಬೀಳುವ ಕ್ಷಣಕ್ಕೆ ಮುಚ್ಚಿದ ಕಣ್ಣುಗಳು. ಅಂತರಪಟ ಸರಿಯುವಾಗ ಇವನು ಲೆನ್ಸ್ ಬದಲಿಸುತ್ತಾ ಇದ್ದದ್ದರಿಂದ ತೆಗೆಯದೇ ಉಳಿದ ಚಿತ್ರ. ಅದು ಫೋಲ್ಡರಿನಲ್ಲಿ ಇರಲೂ ಇಲ್ಲ, ಅವನೇ ನೆನೆದು ಹೇಳಿದ. ನಿಜವಾಗಿ ಬಾಡಿಯ ತಲೆಗೆ ಕಟ್ಟಬಹುದಾದದ್ದು ಬೆರಳೆಣಿಕೆಯಷ್ಟು: ಆರತಕ್ಷತೆಯಲ್ಲಿ ಹಿಂದಿನಿಂದ ದೀಪ ಇದ್ದಾಗ ಫೋಕಸ್ ಕಣ್ಣು ಬಿಟ್ಟು ಕಿವಿಯೋಲೆಗೆ ಹೋದವು. ಲೆನ್ಸ್ ಬದಲಿಸುವಾಗ ತಪ್ಪಿದ ಅಂತರಪಟಕ್ಕೆ ಪರಿಹಾರ ಕೊರಳಲ್ಲಿ ಇನ್ನೊಂದು ಬಾಡಿ. ಅದು ಹೊಸದಾಗಿರಬೇಕೆಂದೇನೂ ಇಲ್ಲ.

ಈ ಹುಡುಗ ದಡ್ಡನಲ್ಲ, ಸೋಮಾರಿಯೂ ಅಲ್ಲ. ಅವನಿಗೆ ಸಿಕ್ಕ ಪ್ರತಿಯೊಂದು ಸಲಹೆಯೂ ಬಾಡಿಯ ಬಗ್ಗೆಯೇ ಇತ್ತು. ಅವನ ಚಿತ್ರಗಳನ್ನು ಪಕ್ಕದಲ್ಲಿ ಕೂತು ನೋಡಿದವರು ಒಬ್ಬರೂ ಇರಲಿಲ್ಲ. ನನ್ನ ಸಿಟ್ಟು ಇರುವುದು ಇಲ್ಲಿ.

ಫೋಕಸಿನ ವಿಷಯದಲ್ಲಿ ಎದುರು ಪಕ್ಷದ ಮಾತಿನಲ್ಲಿ ಹುರುಳಿದೆ. ಕನ್ನಡಿಯ ಕ್ಯಾಮೆರಾಗಳಿಂದ (ಡಿಎಸ್‌ಎಲ್‌ಆರ್) ಕನ್ನಡಿಯಿಲ್ಲದ ಮಿರರ್‌ಲೆಸ್‌ಗೆ ಬಂದಾಗ ಫೋಕಸ್ ಸೆನ್ಸರಿನ ಮೇಲೇ ನಡೆಯತೊಡಗಿತು. ಲೆನ್ಸಿಗೂ ಬಾಡಿಗೂ ಹೊಂದದೆ ಕೂದಲೆಳೆಯಷ್ಟು ಹಿಂದೆ ಮುಂದೆ ಬೀಳುವ ಹಳೆಯ ಕಾಟ ಹೋಯಿತು. ಮನುಷ್ಯರ ಕಣ್ಣು, ಪ್ರಾಣಿಯ ಕಣ್ಣು, ಹಕ್ಕಿಯ ಕಣ್ಣು ಗುರುತಿಸಿ ಹಿಂಬಾಲಿಸುವುದು ಬಂತು. ಲಕ್ಕವಳ್ಳಿಯ ಭದ್ರಾ ಹಿನ್ನೀರಿನಲ್ಲಿ ದೋಣಿ ಅಲುಗುತ್ತಿರುವಾಗ ರಿವರ್ ಟರ್ನ್ ಮೀನಿಗಾಗಿ ನೀರಿಗೆ ಎರಗುವುದನ್ನು ಹಿಡಿಯಬೇಕೆಂದವರಿಗೆ, ಒಳಾಂಗಣದಲ್ಲಿ ಕಬಡ್ಡಿ ಬ್ಯಾಡ್ಮಿಂಟನ್ ತೆಗೆಯುವವರಿಗೆ ಇದರಿಂದ ಆಗುವ ವ್ಯತ್ಯಾಸ ಸಣ್ಣದಲ್ಲ. ಆರತಕ್ಷತೆಯ ವೇದಿಕೆಯಲ್ಲಿ ಈಗ ಸಾಮಾನ್ಯವಾಗಿರುವ ಎಲ್‌ಇಡಿ ಪರದೆ, ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರಿನಲ್ಲಿ ಪಟ್ಟೆ ಪಟ್ಟೆಯಾಗಿ ಬೀಳುತ್ತದೆ. ಸೆನ್ಸರ್ ಸಾಲುಸಾಲಾಗಿ ಓದುವುದೇ ಅದಕ್ಕೆ ಕಾರಣ. ವೇಗವಾಗಿ ಓದುವ ಬಾಡಿಗಳಲ್ಲಿ ಅದು ಕಡಿಮೆ.

ಹಾಗೆಂದು ಈ ಸುಧಾರಣೆಯೂ ಪ್ರತಿ ಎರಡು ವರ್ಷಕ್ಕೆ ಆಗುವಂಥದ್ದಲ್ಲ. ಕನ್ನಡಿಯಿಂದ ಮಿರರ್‌ಲೆಸ್‌ಗೆ ಬಂದದ್ದು ಒಂದು ದೊಡ್ಡ ಹೆಜ್ಜೆ. ಒಂದು ಮಿರರ್‌ಲೆಸ್‌ನಿಂದ ಅದರ ಮುಂದಿನ ಮಾದರಿಗೆ ಹೋಗುವುದನ್ನೂ ಅದೇ ಅಳತೆಯಲ್ಲಿ ಅಳೆಯುವುದು ಮೋಸ. ಸಾಫ್ಟ್‌ವೇರಿನಿಂದ ಆಗುವುದನ್ನು ಹೊಸ ಬಾಡಿಯ ಜೊತೆಯಲ್ಲೇ ಮಾರಬೇಕಾಗಿಯೂ ಇಲ್ಲ. 2021ರಲ್ಲಿ ಪ್ರಕಟವಾದ ನಿಕಾನ್ ಜೆಡ್9ಗೆ ಹಕ್ಕಿಗಳನ್ನೇ ಬೇರೆಯಾಗಿ ಗುರುತಿಸುವ ಫೋಕಸ್ ವಿಧಾನ 2023ರ ಫರ್ಮ್‌ವೇರಿನಲ್ಲಿ ಪುಕ್ಕಟೆಯಾಗಿ ಬಂತು. ಅದೇ ಬಾಡಿ, ಅದೇ ಸೆನ್ಸರ್. ತಮ್ಮ ಕ್ಯಾಮೆರಾಕ್ಕೆ ಎಷ್ಟು ಫರ್ಮ್‌ವೇರ್ ಬಂದು ಹೋಗಿವೆ ಎಂದೇ ನೋಡದೆ ಬದಲಿಸಲು ಹೊರಟವರನ್ನು ನಾನು ಕಂಡಿದ್ದೇನೆ. ಎಲ್‌ಇಡಿ ಪಟ್ಟೆಗೂ ಮೊದಲ ಮದ್ದು ಸೈಲೆಂಟ್ ಶಟರ್ ಬಿಟ್ಟು ಮೆಕ್ಯಾನಿಕಲ್ ಶಟರಿಗೆ ಬರುವುದು, ವೇಗ ಇಳಿಸುವುದು. ನಾದಸ್ವರ, ಡಿಜೆ, ಮಕ್ಕಳ ಗಲಾಟೆ ತುಂಬಿದ ಛತ್ರದಲ್ಲಿ ಶಟರಿನ ಸದ್ದು ಯಾರಿಗೂ ಕೇಳಿಸುವುದಿಲ್ಲ.

ಖರ್ಚಿನ ಮಾತಿಗೆ ಬರುತ್ತೇನೆ, ಏಕೆಂದರೆ ಇದು ಹವ್ಯಾಸದ ಚರ್ಚೆ ಮಾತ್ರವಲ್ಲ. ಎರಡು, ಎರಡೂವರೆ ಲಕ್ಷ ಎಂದು ಅಂಗಡಿಯಲ್ಲಿ ಹೇಳುವುದು ಬರಿಯ ಬಾಡಿಯ ಬೆಲೆ. ಲೆನ್ಸ್ ಬಾಡಿಗೆ ಕೂರುವ ಜೋಡಣೆ, ಮೌಂಟ್, ಕೂಡ ಬದಲಾಗಿದೆ. ನಿಕಾನಿನ ಎಫ್ ಮೌಂಟ್ 1959ರಿಂದ, ಕ್ಯಾನನ್ನಿನ ಇಎಫ್ ಮೌಂಟ್ 1987ರಿಂದ ನಡೆದು ಬಂದಿದ್ದವು. 2018ರಲ್ಲಿ ಇಬ್ಬರೂ ಮಿರರ್‌ಲೆಸ್‌ಗೆ ಹೊಸ ಮೌಂಟ್ ತಂದರು. ಹಳೆಯ ಲೆನ್ಸುಗಳು ಅಡಾಪ್ಟರಿನ ಮೂಲಕ ನಡೆಯುತ್ತವೆ, ಬಹುಪಾಲು ಚೆನ್ನಾಗಿಯೇ ನಡೆಯುತ್ತವೆ. ಆದರೆ ಬಾಡಿ ತಂದ ಮೇಲೆ ಅದಕ್ಕೊಪ್ಪುವ ಹೊಸ ಲೆನ್ಸ್ ಬೇಡವೇ ಎಂಬ ಎರಡನೆಯ ಸುತ್ತು ಶುರುವಾಗುತ್ತದೆ. ಹಳೆಯ ಕಾರ್ಡುಗಳು ಆ ವೇಗಕ್ಕೆ ಸಾಲವು, ಹೊಸವು ದುಬಾರಿ. 45 ಮೆಗಾಪಿಕ್ಸೆಲಿನ ರಾ ಫೈಲು ಒಂದೊಂದೂ 50 ಎಂಬಿ ಆಸುಪಾಸು. ಮೂರು ಸಾವಿರ ಚಿತ್ರದ ಒಂದು ಮದುವೆಗೆ 150 ಜಿಬಿ, ಅದಕ್ಕೊಂದು ನಕಲು ಇಟ್ಟರೆ 300. ನಾಲ್ಕು ವರ್ಷದ ಹಳೆಯ ಕಂಪ್ಯೂಟರ್ ಅವನ್ನು ತೆರೆಯಲು ಏದುಸಿರು ಬಿಡುತ್ತದೆ, ಆಲ್ಬಂ ಕೊಡುವುದು ತಿಂಗಳು ತಡವಾಗುತ್ತದೆ, ಮನೆಯವರ ಫೋನು ಶುರುವಾಗುತ್ತದೆ. ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯುವ ಸೌಲಭ್ಯವಿದೆ ಎಂದು ಹತ್ತು ಸೆಕೆಂಡು ಒತ್ತಿ ಹಿಡಿದರೆ ಇನ್ನೂರು ಚಿತ್ರ. ಅದರಲ್ಲಿ ಒಂದನ್ನು ಆರಿಸಲು ರಾತ್ರಿ ಕೂರುವವರು ಯಾರು? ಒತ್ತಿ ಹಿಡಿದವರೇ, ಇಲ್ಲವೇ ಅವರ ಹೆಂಡತಿ.

ಇದೆಲ್ಲ ಕಂತಿನ ಮೇಲೆ ಬರುತ್ತದೆ. ಮದುವೆ ಫೋಟೊಗ್ರಾಫರನ ದುಡಿಮೆಗೆ ಪಂಚಾಂಗವೇ ಯಜಮಾನ. ಮಾಘ, ಫಾಲ್ಗುಣ, ವೈಶಾಖದ ಮುಹೂರ್ತಗಳಲ್ಲಿ ಬಂದದ್ದು ಆಷಾಢಕ್ಕೂ ಪಿತೃಪಕ್ಷಕ್ಕೂ ಧನುರ್ಮಾಸಕ್ಕೂ ಸಾಲಬೇಕು. ಇಎಂಐ ಆಷಾಢ ನೋಡಿ ನಿಲ್ಲುವುದಿಲ್ಲ. ಕಂತು ಕಟ್ಟಬೇಕೆಂಬ ಒತ್ತಡದಲ್ಲಿ ಸಿಕ್ಕ ದರಕ್ಕೆ ಕೆಲಸ ಒಪ್ಪಿಕೊಳ್ಳುತ್ತಾರೆ, ಒಂದೇ ದಿನ ಎರಡು ಕಡೆ ಒಪ್ಪಿಕೊಂಡು ಒಂದು ಕಡೆ ಅನುಭವವಿಲ್ಲದ ಹುಡುಗನನ್ನು ಕಳಿಸುತ್ತಾರೆ. ಅಲ್ಲಿಗೆ ಹೊಸ ಬಾಡಿಯಿಂದಾಗಿಯೇ ಕೆಲಸದ ಮಟ್ಟ ಇಳಿದಂತಾಯಿತು. ಕಂತು ತೀರುವ ಹೊತ್ತಿಗೆ ಆ ಬಾಡಿ ಸೆಕೆಂಡ್ ಹ್ಯಾಂಡಿನಲ್ಲಿ ಅರ್ಧಕ್ಕೂ ಕೇಳುವವರಿಲ್ಲ, ಅದರ ಮುಂದಿನ ಮಾದರಿ ಶೋಕೇಸಿನಲ್ಲಿರುತ್ತದೆ.

ಅದೇ ಎರಡೂವರೆ ಲಕ್ಷದಲ್ಲಿ ಏನೇನು ಆಗುತ್ತದೆ? ಈಗಿರುವ ಮಾದರಿಯದೇ ಬಳಸಿದ ಎರಡನೇ ಬಾಡಿ, ಒಂದು 85 ಎಂಎಂ ಎಫ್1.8, ರೇಡಿಯೊ ಟ್ರಿಗರ್ ಇರುವ ಎರಡು ಫ್ಲ್ಯಾಶ್, ಎರಡು ಹಾರ್ಡ್‌ಡಿಸ್ಕ್. ಇಷ್ಟು ಬಂದ ಮೇಲೂ ದುಡ್ಡು ಉಳಿಯುತ್ತದೆ. ಇವುಗಳಲ್ಲಿ ಎರಡನೇ ಬಾಡಿ ಮತ್ತು ಹಾರ್ಡ್‌ಡಿಸ್ಕಿನ ಮಾತನ್ನು ನಾನು ಬಿಡಲಾರೆ. ಮುಹೂರ್ತ ಎರಡನೇ ಸಲ ಬರುವುದಿಲ್ಲ. ತಾಳಿ ಕಟ್ಟುವ ಹೊತ್ತಿಗೆ ಒಂದೇ ಒಂದು ಬಾಡಿ ಕೆಟ್ಟು ನಿಂತರೆ ಅದು ಈ ವರ್ಷದ್ದೋ ಐದು ವರ್ಷದ ಹಿಂದಿನದ್ದೋ ಎಂಬುದರಿಂದ ಆ ಮನೆಯವರಿಗೆ ಆಗಬೇಕಾದದ್ದೇನೂ ಇಲ್ಲ. ಅತ್ಯಾಧುನಿಕ ಬಾಡಿ ಕೊರಳಲ್ಲಿ ಹಾಕಿಕೊಂಡು, ಇಡೀ ಮದುವೆಯನ್ನು ಒಂದೇ ಡಿಸ್ಕಿನಲ್ಲಿ ಇಟ್ಟುಕೊಂಡಿರುವ ಸ್ಟುಡಿಯೊಗಳು ನಮ್ಮ ಊರುಗಳಲ್ಲಿ ಎಷ್ಟೋ ಇವೆ. ಡಿಸ್ಕ್ ಹೋದ ದಿನ ಅವರು ಯಾವ ಮುಖ ಇಟ್ಟುಕೊಂಡು ಆ ಮನೆಯ ಬಾಗಿಲಿಗೆ ಹೋಗುತ್ತಾರೆ?

ಇಷ್ಟು ಸ್ಪಷ್ಟವಾದ ಲೆಕ್ಕ ಇದ್ದೂ ನಂಬಿಕೆ ಅಲುಗದಿರುವುದಕ್ಕೆ ಕಾರಣ ಮಾರುಕಟ್ಟೆಯಲ್ಲಿದೆ. ಜಪಾನಿನ ಕ್ಯಾಮೆರಾ ತಯಾರಕರ ಸಂಘ ಸಿಪಾ ಪ್ರತಿವರ್ಷ ಅಂಕಿ ಅಂಶ ಪ್ರಕಟಿಸುತ್ತದೆ. 2010ರಲ್ಲಿ ಜಗತ್ತಿಗೆ ರವಾನೆಯಾದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. 2023ರಲ್ಲಿ 77 ಲಕ್ಷ. ಮೊಬೈಲ್ ಫೋನು ಸಣ್ಣ ಕ್ಯಾಮೆರಾಗಳನ್ನು ಇಡಿಯಾಗಿ ನುಂಗಿತು. ಹೊಸ ಗಿರಾಕಿಗಳು ಬರುವುದು ಕಡಿಮೆಯಾದಾಗ ಕಂಪನಿಗಳಿಗೆ ಉಳಿದ ದಾರಿ, ಈಗಾಗಲೇ ಕ್ಯಾಮೆರಾ ಇರುವವರಿಗೇ ಮತ್ತೊಮ್ಮೆ, ಇನ್ನಷ್ಟು ದುಬಾರಿಯದನ್ನು ಮಾರುವುದು. ಇದರಲ್ಲಿ ಕಳ್ಳತನವೇನಿಲ್ಲ, ವ್ಯಾಪಾರ. ಆದರೆ ಅವರ ಅಗತ್ಯವನ್ನು ನಮ್ಮ ಅಗತ್ಯ ಎಂದು ನಾವು ಏಕೆ ತಿಳಿದುಕೊಳ್ಳಬೇಕು? ಬಿಡುಗಡೆಗೆ ಮುಂಚೆಯೇ ಕಂಪನಿಯಿಂದ ಕ್ಯಾಮೆರಾ ಪಡೆದು ವಿಡಿಯೊ ಮಾಡುವವರು ಅದನ್ನು ಒಂದು ವಾರ ಬಳಸುತ್ತಾರೆ, ಒಳ್ಳೆಯ ಲೆನ್ಸು, ಒಳ್ಳೆಯ ಬೆಳಕಿನಲ್ಲಿ. ಹಳೆಯ ಬಾಡಿಯಲ್ಲಿ ಅದೇ ಲೆನ್ಸ್ ಹಾಕಿ ಅದೇ ಬೆಳಕಿನಲ್ಲಿ ತೆಗೆದ ಚಿತ್ರವನ್ನು ಪಕ್ಕದಲ್ಲಿಟ್ಟು, ಹೆಸರು ಮುಚ್ಚಿ, ಆಲ್ಬಂ ಗಾತ್ರಕ್ಕೆ ಪ್ರಿಂಟ್ ಹಾಕಿಸಿ ತೋರಿಸುವವರು ಎಷ್ಟು ಜನ? ನೋಡುಗರು ಕೇಳಬೇಕಾದ ಒಂದೇ ಒಂದು ಪುರಾವೆ ಅದು. ಅದನ್ನು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ.

"ಮದುವೆ ಮನೆಯವರೇ ಕ್ಯಾಮೆರಾ ಹೆಸರು ಕೇಳ್ತಾರೆ ಸಾರ್, ನಾವೇನು ಮಾಡೋಣ" ಎನ್ನುತ್ತಾರೆ. ಕೇಳುತ್ತಾರೆ, ನಿಜ. ಕೇಳುವುದನ್ನು ಕಲಿಸಿದವರು ನಾವೇ. ಸ್ಟುಡಿಯೊದ ಬೋರ್ಡಿನ ಮೇಲೆ, ವಿಸಿಟಿಂಗ್ ಕಾರ್ಡಿನಲ್ಲಿ, ಇನ್‌ಸ್ಟಾಗ್ರಾಮಿನ ಪುಟದಲ್ಲಿ ಬಾಡಿಯ ಹೆಸರು ಅಚ್ಚು ಹಾಕಿಸಿದ ಮೇಲೆ, ಹುಡುಗಿಯ ಅಪ್ಪ ಎರಡು ಸ್ಟುಡಿಯೊಗಳ ನಡುವೆ ಹೋಲಿಸಲು ಇನ್ನೇನನ್ನು ಹಿಡಿದುಕೊಳ್ಳಬೇಕು? ಅವರ ಕೈಗೆ ಒಂದು ಆಲ್ಬಂ ಕೊಟ್ಟು ಕೂರಿಸಿ. ಧಾರೆಯ ಚಿತ್ರದಲ್ಲಿ ಕೈಗಳು ಹೇಗೆ ಕಾಣುತ್ತಿವೆ, ಅಜ್ಜಿಯ ಮುಖ ಎಷ್ಟು ಕಡೆ ಬಂದಿದೆ ಎಂದು ತೋರಿಸಿ. ಪುಟ ತಿರುಗಿಸುತ್ತಾ ಇರುವವರು ಬಾಡಿಯ ಹೆಸರು ಕೇಳಿದ್ದನ್ನು ನಾನು ನೋಡಿಲ್ಲ.

ಇನ್ನೊಂದು ಕಡೆಯವರ ಜೊತೆಗೂ ನನ್ನ ಜಗಳವಿದೆ. ಬಾಡಿಯ ಮಾತೆತ್ತಿದ ಕೂಡಲೇ "ಕ್ಯಾಮೆರಾದಲ್ಲೇನಿದೆ, ಎಲ್ಲ ಕಣ್ಣಲ್ಲಿದೆ" ಎಂದು ಉಪದೇಶಿಸಿ ಮುಗಿಸುವವರು ಇದ್ದಾರೆ. ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್, ವನ್ಯಜೀವಿ ಛಾಯಾಗ್ರಾಹಕರಾದ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಹೆಸರು ಹೇಳಿ, ಅವರಿಗೆ ಏನಿತ್ತು ಎಂದು ಕೇಳುತ್ತಾರೆ. ಆ ಹಿರಿಯರ ಮೇಲಿನ ಗೌರವದಿಂದಲೇ ಹೇಳುತ್ತೇನೆ, ಇದು ಅವರ ಕೆಲಸಕ್ಕೆ ಮಾಡುವ ಅನ್ಯಾಯ. 36 ಚಿತ್ರದ ರೋಲು, 64 ಇಲ್ಲವೇ 100ರ ವೇಗದ ಸ್ಲೈಡ್ ಫಿಲ್ಮು ಹಿಡಿದು ಕಾಡಿನಲ್ಲಿ ದುಡಿಯುವವರು ಉಪಕರಣವನ್ನು ಕಡೆಗಣಿಸಿ ಒಂದು ಹೆಜ್ಜೆಯೂ ಇಡಲಾರರು. ಲೆನ್ಸಿನ ಮಿತಿ ಎಲ್ಲಿ, ಫಿಲ್ಮ್ ಎಷ್ಟು ತಡೆಯುತ್ತದೆ, ಬೆಳಕು ಯಾವ ಹೊತ್ತಿಗೆ ಸಾಲದಾಗುತ್ತದೆ ಎಂಬುದು ಬೆರಳತುದಿಯಲ್ಲಿರಬೇಕಿತ್ತು. ಉಪಕರಣ ಮುಖ್ಯ, ಬಹಳ ಮುಖ್ಯ. ಮುಖ್ಯವಾದ್ದರಿಂದಲೇ ಅದರಲ್ಲಿ ಯಾವ ಭಾಗ ಚಿತ್ರವನ್ನು ಬದಲಿಸುತ್ತದೆ, ಯಾವುದು ಬದಲಿಸುವುದಿಲ್ಲ ಎಂದು ತಿಳಿದು ದುಡ್ಡು ಹಾಕಬೇಕು ಎನ್ನುತ್ತಿದ್ದೇನೆ. ಕಣ್ಣಿನ ಉಪದೇಶ ಕೇಳಿದ ಹುಡುಗನಿಗೆ ಆಟೋ ಐಎಸ್‌ಒ ಮಿತಿ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. ಬಾಡಿಯ ಉಪದೇಶ ಕೇಳಿದವನಿಗೂ ಅಷ್ಟೇ.

ಕೈಯಲ್ಲಿ ಹಣವಿದ್ದು, ಹೊಸ ಯಂತ್ರ ಹಿಡಿಯುವ ಸಂತೋಷಕ್ಕಾಗಿ ಕೊಳ್ಳುವವರ ಮೇಲೆ ನನಗೆ ಯಾವ ತಕರಾರೂ ಇಲ್ಲ. ಸಂತೋಷ ಸಣ್ಣ ಕಾರಣವಲ್ಲ. ಅದನ್ನು ಸಂತೋಷವೆಂದೇ ಹೇಳಲಿ. ಸಾಲ ಮಾಡಿ ಕಸುಬು ನಡೆಸುವವರಿಗೆ ಅದನ್ನೇ ಕರ್ತವ್ಯವೆಂದು ಬೋಧಿಸದಿರಲಿ.

ನಮ್ಮ ಕ್ಯಾಮೆರಾ ಕ್ಲಬ್ಬುಗಳು, ಕಾರ್ಯಾಗಾರ ನಡೆಸುವ ಹಿರಿಯರು ಮನಸ್ಸು ಮಾಡಿದರೆ ಇದನ್ನು ತಿದ್ದಬಹುದು. ಪ್ರದರ್ಶನದಲ್ಲಿ ಚಿತ್ರದ ಕೆಳಗೆ ಬಾಡಿಯ ಹೆಸರು ಬರೆಯುವ ರೂಢಿ ನಿಲ್ಲಲಿ. ಅದರ ಬದಲು ಎಲ್ಲಿ ನಿಂತು ತೆಗೆದದ್ದು, ಬೆಳಕು ಯಾವ ಕಡೆಯಿಂದ ಇತ್ತು, ಎಷ್ಟು ಹೊತ್ತು ಕಾಯಬೇಕಾಯಿತು ಎಂದು ಬರೆಸಲಿ. ನೋಡಲು ಬಂದ ಕಿರಿಯರು ಮನೆಗೆ ಒಯ್ಯಬಹುದಾದದ್ದು ಅದು. ಕಂಪನಿಗಳ ಪ್ರಾಯೋಜನೆಯ ಕಾರ್ಯಾಗಾರಗಳಲ್ಲಿ ಹೊಸ ಬಾಡಿಯನ್ನು ಕೈಯಿಂದ ಕೈಗೆ ದಾಟಿಸುವ ಅರ್ಧ ಗಂಟೆಯನ್ನು, ಬಂದವರ ಕೆಟ್ಟ ಚಿತ್ರಗಳನ್ನು ಪರದೆಯ ಮೇಲೆ ಹಾಕಿ ಏಕೆ ಕೆಟ್ಟವು ಎಂದು ಹೇಳಲು ಬಳಸಲಿ. "ಯಾವ ಬಾಡಿ ತಗೊಳ್ಳಲಿ ಅಣ್ಣಾ?" ಎಂದು ಕೇಳಿಕೊಂಡು ಬಂದವರಿಗೆ ಮಾದರಿಯ ಹೆಸರು ಹೇಳುವ ಮೊದಲು, ಕಳೆದ ನಾಲ್ಕೈದು ಮದುವೆಗಳಲ್ಲಿ ತಳ್ಳಿಹಾಕಿದ ಚಿತ್ರಗಳನ್ನು ತರಲು ಹೇಳಲಿ.

ಬಾಡಿಯ ಕೊರತೆ ಇದ್ದರೆ ಅದು ಅಲ್ಲೇ ಕಾಣುತ್ತದೆ, ಯಾವ ಬಾಡಿ ಬೇಕೆಂಬುದೂ ಅಲ್ಲೇ ತಿಳಿಯುತ್ತದೆ. ಎರಗುವ ಹಕ್ಕಿಗಳು ಸಾಲುಸಾಲಾಗಿ ಫೋಕಸ್ ತಪ್ಪಿದ್ದರೆ ಹಕ್ಕಿಯನ್ನು ಹಿಂಬಾಲಿಸಬಲ್ಲ ಬಾಡಿ ಕೊಳ್ಳಬೇಕು, ತಡಮಾಡಬಾರದು. ಸದ್ದು ಮಾಡಲೇಬಾರದ ನಾಟಕದಲ್ಲಿ, ಸಂಗೀತ ಕಛೇರಿಯಲ್ಲಿ ಎಲ್‌ಇಡಿ ಪಟ್ಟೆ ಬರುತ್ತಿದ್ದರೆ ಸೆನ್ಸರ್ ವೇಗವಾಗಿ ಓದುವ ಬಾಡಿ ಬೇಕು. ಕನ್ನಡಿಯ ಕ್ಯಾಮೆರಾದಲ್ಲಿ ಎಫ್1.8ರ ಚಿತ್ರಗಳೆಲ್ಲ ಕಣ್ಣು ಬಿಟ್ಟು ಕಿವಿಗೆ ಬೀಳುತ್ತಿದ್ದರೆ ಮಿರರ್‌ಲೆಸ್‌ಗೆ ಬರಲಿ. ಬಳಸಿದ್ದಾದರೂ ಆದೀತು, ನಾಲ್ಕು ವರ್ಷದ ಹಿಂದಿನ ಮಾದರಿಯಾದರೂ ಆದೀತು. ಒಂದೂವರೆ ಲಕ್ಷ, ಎರಡು ಲಕ್ಷ ಸಲ ಒತ್ತಿದ ಮೇಲೆ ಶಟರೇ ಸವೆದು ಅರ್ಧ ಕಪ್ಪಾದ ಚಿತ್ರ ಬರುತ್ತಿದ್ದರೆ, ಬಾಡಿ ಎಸೆಯುವ ಮೊದಲು ಸರ್ವಿಸ್ ಸೆಂಟರಿಗೆ ಒಯ್ದು ಕೇಳಲಿ. ಶಟರ್ ಒಂದನ್ನೇ ಬದಲಿಸಿ ಕೊಡುತ್ತಾರೆ.